ಕೊಯ್ಯುವ ಕೈ, ಮೂಸುವ ಮೂಗು

ಬೆಟ್ಟದ ಉತ್ತರದ ಮಗ್ಗುಲು ಹತ್ತಿ ಬಂದ ಡಾಲ್ಟನ್ ಒಂದು ದಪ್ಪ ಬೀಚ್ ಮರದ ಎದುರು ನಿಂತು, ಸೊಂಟದ ಮೇಲೆ ಕೈಯಿಟ್ಟು, ಗಂಟಲು ಒರಟು ಮಾಡಿಕೊಂಡು ಹೇಳಿದ:

"ಏಯ್! ಈ ಕಾಡಲ್ಲಿ ಇನ್ಮೇಲೆ ಒಬ್ನೇ ಇರೋದು. ಒಂದೋ ನೀನು, ಇಲ್ಲಾ ನಾನು!"

ಮರ ಏನೂ ಅನ್ನಲಿಲ್ಲ.

"ಸರಿ ಬಿಡು, ನೀನೇ ಇರು. ನಿಂಗೆ ಬೇರಿದೆ" ಎಂದು ಡೈಲಾಗನ್ನು ತಾನೇ ಮುಗಿಸಿದ.

ಇಂಥ ಕಡೆ ನಗಬೇಕಾದವಳು ಟ್ವೈಲಾ. ಹೊಟ್ಟೆ ಹಿಡಿದುಕೊಂಡು, ಎಲೆಗಳ ಮೇಲೆ ಕುಕ್ಕರಿಸಿ, "ಸಾಕೋ ಮಾರಾಯ, ಸೊಪ್ಪು ಕೊಯ್ಯಿ" ಅನ್ನಬೇಕಾದವಳು. ಅವಳ ನಗು ಬರಬೇಕಾದ ಜಾಗದಲ್ಲಿ ಒಂದು ಮರಕುಟಿಗ ಟಕಟಕ ಎಂದಿತು. ಅದೂ ದೂರದಲ್ಲಿ, ಪಕ್ಕದ ಟಾಕೀಸಿನಲ್ಲಿ ಬೇರೆ ಯಾರದೋ ಪಿಕ್ಚರು ಓಡುತ್ತಿರುವ ಹಾಗೆ.

ಏಪ್ರಿಲ್ ಮುಗಿಯುತ್ತಾ ಬಂದಿತ್ತು. ವೆಸ್ಟ್ ವರ್ಜೀನಿಯಾದ ಆ ಕಣಿವೆಯಲ್ಲಿ ಮರಗಳಿನ್ನೂ ಬೋಳು. ಮೇಪಲ್, ಓಕ್, ಟುಲಿಪ್ ಮರಗಳು ಎಲೆ ಬಿಟ್ಟು ಕೊಡೆ ಹಿಡಿಯುವುದರೊಳಗೆ ನೆಲದ ಹೂಗಳೆಲ್ಲ ತಮ್ಮ ಪಾಲಿನ ಬಿಸಿಲು ಕುಡಿದು, ಅರಳಿ, ಬೀಜ ಕಟ್ಟಿ ಜಾಗ ಖಾಲಿ ಮಾಡಬೇಕು. ಕಾಡಿನ ಮಾರ್ನಿಂಗ್ ಶೋ ಅದು. ತಡವಾಗಿ ಹೋದರೆ ಖಾಲಿ ಕುರ್ಚಿಗಳಷ್ಟೇ. ಬಿಳಿ ಟ್ರಿಲಿಯಂಗಳು ಮೂರೆಲೆ ಮೂರೆಸಳು ಬಿಚ್ಚಿಕೊಂಡು ಇಳಿಜಾರಿನ ತುಂಬ ನಿಂತಿದ್ದವು. ನೆತ್ತರುಬೇರಿನ ಹೂವು ತನ್ನದೇ ಎಲೆಯನ್ನು ಶಾಲಿನಂತೆ ಹೊದ್ದು, ಚಳಿ ಹೋಯಿತೋ ಇಲ್ಲವೋ ಎಂದು ಅನುಮಾನದಲ್ಲಿತ್ತು. ಒಂದು ಬಿದ್ದ ದಿಮ್ಮಿಯ ಪಕ್ಕದಲ್ಲಿ, ತಂತಿಯ ಮೇಲೆ ತಲೆಕೆಳಗಾಗಿ ಒಣಹಾಕಿದ ಪುಟ್ಟ ಬಿಳಿ ಚಡ್ಡಿಗಳಂಥ ಹೂಗಳು ಸಾಲಾಗಿ ನೇತಾಡುತ್ತಿದ್ದವು. ಅವಕ್ಕೆ ಪುಸ್ತಕದಲ್ಲಿ ಏನೋ ದೊಡ್ಡ ಹೆಸರಿದೆ. ಟ್ವೈಲಾ ಮತ್ತು ಡಾಲ್ಟನ್ ಎರಡನೇ ಕ್ಲಾಸಿನಿಂದಲೂ ಅದನ್ನು 'ಪಾದ್ರಿ ಚಡ್ಡಿ' ಅನ್ನುತ್ತಿದ್ದರು. ಭಾನುವಾರ ಚರ್ಚಿನಲ್ಲಿ ಪಾದ್ರಿಯವರು ಎದ್ದು ನಿಂತಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಕೂರುವುದೇ ದೊಡ್ಡ ತಪಸ್ಸಾಗಿತ್ತು.

ಈಗ ಅವಳು ಬೆಟ್ಟದ ಆಚೆ ಬದಿಯವಳು. ಹೋದ ಅಕ್ಟೋಬರಿನಲ್ಲಿ ಗ್ಯಾರೆಟ್‌ನನ್ನು ಮದುವೆಯಾದಳು. ಒಳ್ಳೆಯ ಹುಡುಗ, ಕಡಿಮೆ ಮಾತು, ದೊಡ್ಡ ಪಿಕಪ್ ಗಾಡಿ. ಮದುವೆಯ ದಿನ ಡಾಲ್ಟನ್ ಗ್ಲಾಸು ಎತ್ತಿ ಹಿಡಿದು, ಸೋತ ವಿಲನ್ನಿನ ದನಿಯಲ್ಲಿ, "ಗ್ಯಾರೆಟ್, ಇವತ್ತು ನೀನು ಗೆದ್ದಿರಬಹುದು. ಆದ್ರೆ ಇವಳ ಗೊರಕೆ ಮುಂದೆ ನಿನ್ನ ಗಾಡಿ ಇಂಜಿನ್ ಸೋಲುತ್ತೆ, ಬರೆದಿಟ್ಕೋ!" ಎಂದಾಗ ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತ್ತು. ಅವನ ಜೀವಮಾನದ ಅತ್ಯುತ್ತಮ ನಟನೆ ಅದು. ಯಾರಿಗೂ ಏನೂ ಗೊತ್ತಾಗಲಿಲ್ಲ.

ಇಳಿಜಾರಿನ ನಡುವೆ ರ್‍ಯಾಂಪ್ ಸೊಪ್ಪು ಹಸಿರು ಕಂಬಳಿ ಹಾಸಿದ ಹಾಗೆ ಎದ್ದಿತ್ತು. ಅಗಲ ಎಲೆ, ಕೆಂಪು ದಂಟು, ಈರುಳ್ಳಿ ಬೆಳ್ಳುಳ್ಳಿ ಎರಡೂ ಸೇರಿ ಜಗಳವಾಡಿದಂಥ ವಾಸನೆ. ಚಳಿಗಾಲವೆಲ್ಲ ಡಬ್ಬಿಯ ಊಟ ತಿಂದ ನಾಲಿಗೆಗೆ ಮೊದಲ ಹಸಿರು. ಅದನ್ನು ತಿಂದವನ ಬಾಯಿ, ಬೆವರು, ದಿಂಬು ಎಲ್ಲ ದಿನಗಟ್ಟಲೆ ನಾರುತ್ತದೆ. ಅದಕ್ಕೇ ಊರಿಗೆ ಊರೇ ಒಟ್ಟಿಗೆ ಕೂತು ತಿನ್ನುತ್ತದೆ. ಎಲ್ಲರೂ ನಾರಿದರೆ ಯಾರೂ ನಾರಿದ ಹಾಗಲ್ಲ.

ಈ ಸೊಪ್ಪು ಕೊಯ್ಯುವುದಕ್ಕೆ ಆ ಕಣಿವೆಯಲ್ಲಿ ಒಂದು ಕಟ್ಟುಪಾಡಿತ್ತು. ಒಬ್ಬರೇ ಹೋಗಕೂಡದು. ಒಬ್ಬರು ಚಾಕು ಹಿಡಿದು ಕೊಯ್ಯಬೇಕು. ಇನ್ನೊಬ್ಬರು ಸೊಪ್ಪನ್ನು ಕೈಯಲ್ಲಿ ಮುಟ್ಟದೆ, ಒಂದೊಂದೇ ಹಿಡಿಯನ್ನು ನೋಡಿ, ಮೂಸಿ, ಹೂಂ ಅಂದ ಮೇಲೆ ಅದು ಚೀಲಕ್ಕೆ ಬೀಳಬೇಕು. ಯಾಕೆಂದರೆ ಜೌಗು ಇರುವ ಕಡೆ ರ್‍ಯಾಂಪಿನ ಮಗ್ಗುಲಲ್ಲೇ ಹೆಲ್ಲೆಬೋರ್ ಎಂಬ ವಿಷದ ಗಿಡ ಏಳುತ್ತದೆ. ಎಳೆಯದಾಗಿ ಸುರುಳಿ ಸುತ್ತಿಕೊಂಡಿದ್ದಾಗ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಬಿಡಿಸಿ ನೋಡಿದರೆ ಹೆಲ್ಲೆಬೋರಿನ ಎಲೆಯಲ್ಲಿ ಬೀಸಣಿಗೆಯಂತೆ ಮಡಿಕೆಗಳಿರುತ್ತವೆ, ವಾಸನೆ ಇರುವುದಿಲ್ಲ. ತಿಂದರೆ ಮೊದಲು ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ, ಆಮೇಲೆ ಎದೆ ಬಡಿತ ನಿಧಾನ, ಇನ್ನೂ ನಿಧಾನ. ಹತ್ತು ಹಿಡಿ ಕೊಯ್ದವನ ಬೆರಳಿಗೆ ರ್‍ಯಾಂಪಿನ ವಾಸನೆ ಎಷ್ಟು ಮೆತ್ತಿರುತ್ತದೆ ಅಂದರೆ, ಅವನು ಕಲ್ಲು ಮೂಸಿದರೂ ಅದೇ ವಾಸನೆ. ಕೊಯ್ದವನ ಮೂಗನ್ನು ನಂಬುವಂತಿಲ್ಲ.

ಗಂಡ ಹೆಂಡತಿ, ಅಕ್ಕ ತಂಗಿ, ಮಾವ ಅಳಿಯ, ಹೀಗೆ ಪ್ರತಿ ಮನೆಗೂ ಒಂದು ಜೋಡಿ. ಡಾಲ್ಟನ್ ಕೈಗೆ ಟ್ವೈಲಾಳ ಮೂಗು. ಈ ವರ್ಷ ಆ ಮೂಗು ಅತ್ತೆಯ ಜೊತೆ ಬೆಟ್ಟದ ಆಚೆ ಬದಿಯಲ್ಲಿತ್ತು.

"ಯಾರನ್ನ ಕರ್ಕೊಂಡ್ ಹೋಗ್ತೀಯೋ?" ಎಂದು ಹಿಂದಿನ ದಿನ ಬರ್ಲ್ ಮಾವ ಕೇಳಿದ್ದ. ಅಮ್ಮನ ತಮ್ಮ, ಊರಿನ ಅಗ್ನಿಶಾಮಕ ದಳದ ಮುಖ್ಯಸ್ಥ. ದಳ ಅಂದರೆ ಒಂದು ಹಳೇ ಲಾರಿ, ಸಂಬಳವಿಲ್ಲದ ಹನ್ನೆರಡು ಜನ, ಮತ್ತು ವರ್ಷಕ್ಕೊಮ್ಮೆ ಆ ಲಾರಿ ನಿಲ್ಲಿಸುವ ಫೈರ್ ಹಾಲಿನಲ್ಲಿ ಈ ರ್‍ಯಾಂಪ್ ಊಟ.

"ನನ್ ಮೂಗು ನೋಡಿದ್ದೀಯಾ ಮಾವ? ಇಬ್ರ ಕೆಲ್ಸ ಒಂದೇ ಮಾಡುತ್ತೆ" ಎಂದಿದ್ದ ಡಾಲ್ಟನ್. ಕರೆದಿದ್ದರೆ ಯಾರಾದರೂ ಬರುತ್ತಿದ್ದರು. ಆದರೆ ಅವಳು ಕೂರುತ್ತಿದ್ದ ದಿಮ್ಮಿಯ ಮೇಲೆ ಇನ್ನೊಬ್ಬರು ಕೂತು ಮೂಸುವುದು ಅವನಿಗೆ ಬೇಕಿರಲಿಲ್ಲ.

ಅವನು ಕೊಯ್ಯತೊಡಗಿದ. ಗಡ್ಡೆ ಬಿಟ್ಟು, ಎಲೆ ಮಾತ್ರ, ಒಂದು ಗಿಡಕ್ಕೆ ಒಂದೇ. ಸ್ವಲ್ಪ ಹೊತ್ತು ಪ್ರತಿ ಹಿಡಿಯನ್ನೂ ತಿರುಗಿಸಿ ನೋಡಿದ. ಆಮೇಲೆ ಮಳೆ ಹನಿಯಿತು. ಮಳೆ ಟೋಪಿಯ ಅಂಚಿನಿಂದ ಕುತ್ತಿಗೆಗೆ ಇಳಿಯುತ್ತಿದ್ದಂತೆ, ಹೋದ ವರ್ಷ ಇದೇ ಮಳೆಯಲ್ಲಿ ಇಬ್ಬರೂ ಒಂದೇ ಪ್ಲಾಸ್ಟಿಕ್ ಹಾಳೆಯ ಕೆಳಗೆ ಕೂತು ಒಣ ಬಿಸ್ಕತ್ತು ತಿಂದದ್ದು, ಒಂದು ಕೆಂಪು ಹಲ್ಲಿಮರಿಯಂಥ ಸಾಲಮ್ಯಾಂಡರ್ ಅವಳ ಬೂಟಿನ ಮೇಲೆ ಹತ್ತಿ ಕೂತದ್ದು, ಅವಳು ಅದು ಇಳಿಯುವವರೆಗೂ ಕಾಲು ಅಲ್ಲಾಡಿಸದೆ ಇದ್ದದ್ದು ಎಲ್ಲ ಒಂದರ ಹಿಂದೆ ಒಂದು ಬಂತು. ಅವನ ಕೈ ತನ್ನ ಪಾಡಿಗೆ ಕೊಯ್ಯುತ್ತಿತ್ತು. ಕಾಲು ಜೌಗಿಗೆ ಇಳಿದದ್ದು ಬೂಟಿನೊಳಗೆ ನೀರು ಬಂದಾಗಲೇ ಗೊತ್ತಾದದ್ದು. ಒಂದು ಸಲ ಕೈಯಲ್ಲಿದ್ದ ಹಿಡಿಯನ್ನು ಮೂಸಿದ. ಗಮ್ಮೆಂದಿತು. ಚೀಲಕ್ಕೆ ತುರುಕಿದ.

*

ಶನಿವಾರ ಮಧ್ಯಾಹ್ನದ ಹೊತ್ತಿಗೆ ಫೈರ್ ಹಾಲಿನ ವಾಸನೆ ಕಣಿವೆಯ ಬಾಯಿಯವರೆಗೆ ಹೋಗಿತ್ತು. ಹೆಂಗಸರು ಸೊಪ್ಪನ್ನು ತೊಳೆದು, ಸಣ್ಣಗೆ ಹೆಚ್ಚಿ, ಬೇಕನ್ ಕೊಬ್ಬಿನಲ್ಲಿ ಆಲೂಗಡ್ಡೆ ಜೊತೆ ಹುರಿದು ದೊಡ್ಡ ದೊಡ್ಡ ತಟ್ಟೆಗಳಲ್ಲಿ ಸಾಲಾಗಿ ಇಟ್ಟಿದ್ದರು. ಪಕ್ಕದಲ್ಲಿ ಬೇಯಿಸಿದ ಕಾಳು, ಹಂದಿ ಮಾಂಸ, ಜೋಳದ ಬ್ರೆಡ್ಡು. ಉದ್ದ ಬೆಂಚುಗಳ ಮೇಲೆ ಊರೆಲ್ಲ ಕೂತಿತ್ತು. ಬೆಟ್ಟದ ಆಚೆಯಿಂದ ಟ್ವೈಲಾ ಮತ್ತು ಗ್ಯಾರೆಟ್ ಕೂಡ ಬಂದಿದ್ದರು.

ಡಾಲ್ಟನ್ ಹಿಂಬಾಗಿಲ ಹತ್ತಿರ ತನ್ನ ಖಾಲಿ ಚೀಲವನ್ನು ಕೊಡವುತ್ತಿದ್ದ. ಮಣ್ಣು ಉದುರಿತು, ಒಂದು ಬಸವನಹುಳು ಉದುರಿತು. ತಳದ ಮೂಲೆಯಲ್ಲಿ ಒಂದು ಎಲೆ ಅಂಟಿಕೊಂಡಿತ್ತು. ಕಿತ್ತು ತೆಗೆದ.

ಎಲೆಯ ಉದ್ದಕ್ಕೂ ಮಡಿಕೆಗಳು. ಬೀಸಣಿಗೆ.

ಒಂದು ಎಲೆ ಚೀಲದಲ್ಲಿ ಉಳಿದಿದೆ ಅಂದರೆ ಎಷ್ಟು ಎಲೆ ತಟ್ಟೆಗೆ ಹೋಗಿದೆ? ಹೆಚ್ಚಿ ಹುರಿದ ಮೇಲೆ ಯಾವುದು ಯಾವುದೆಂದು ಯಾರು ಹೇಳಬೇಕು? ಬೇಯಿಸಿದರೂ ಸಾಯದ ವಿಷ ಅದು.

ಒಳಗೆ ಪಾದ್ರಿಯವರ ಪ್ರಾರ್ಥನೆ ಮುಗಿಯುತ್ತಿತ್ತು. ಮೊದಲ ತಟ್ಟೆ ಊರಿನ ಹಿರಿಯಳಾದ ಓಸಿ ಅಜ್ಜಿಗೆ. ಅವಳು ಮೊದಲ ತುತ್ತು ನುಂಗಿ "ಇನ್ನೊಂದು ಚಳಿಗಾಲ ಗೆದ್ದೆ ಕಣ್ರೋ" ಅಂದ ಮೇಲೆ ಉಳಿದವರು ಫೋರ್ಕು ಎತ್ತಬೇಕು. ಅವಳ ಎದೆಗೆ ಮೊದಲೇ ಮಾತ್ರೆ ನಡೆಯುತ್ತಿತ್ತು.

"ಬರ್ಲ್ ಮಾವ! ನಿಲ್ಸಿ! ಯಾರೂ ತಿನ್ಬೇಡಿ!" ಡಾಲ್ಟನ್ ಎಲೆಯನ್ನು ಮುಷ್ಟಿಯಲ್ಲಿ ಹಿಡಿದು ಒಳಗೆ ಓಡಿದ. "ಸೊಪ್ಪಲ್ಲಿ ಹೆಲ್ಲೆಬೋರ್ ಸೇರಿದೆ!"

ಹಿಂದಿನ ಬೆಂಚಿನಿಂದ ಯಾರೋ ಚಪ್ಪಾಳೆ ತಟ್ಟಿದರು.

"ಬಂತಪ್ಪಾ ಬಂತು! ನಾನ್ ಹೇಳ್ಲಿಲ್ವಾ, ಈ ಸಲಾನೂ ಮಾಡ್ತಾನೆ ಅಂತ!"

ಹಾಲ್ ಪೂರಾ ನಗು. ಹೋದ ವರ್ಷ ಇದೇ ಹೊತ್ತಿಗೆ, ಇದೇ ಜಾಗದಲ್ಲಿ ಅವನು "ವಿಷ! ವಿಷ!" ಎಂದು ಕೂಗುತ್ತಾ, ಬಾಯಲ್ಲಿ ಟೂತ್‌ಪೇಸ್ಟಿನ ನೊರೆ ತುಂಬಿಕೊಂಡು, ಎದೆ ಹಿಡಿದು, ಮೂರು ಕುರ್ಚಿ ಬೀಳಿಸಿ, ಐದು ನಿಮಿಷ ತೆಗೆದುಕೊಂಡು ಸತ್ತಿದ್ದ. ಕೊನೆಯುಸಿರಿನಲ್ಲಿ "ನನ್ನ ಬೈಕು... ಬರ್ಲ್ ಮಾವನಿಗೆ... ಕೊಡಬೇಡಿ" ಅಂದಿದ್ದ. ಜನ ಈಗಲೂ ಆ ಸೀನು ಹೇಳಿಕೊಂಡು ನಗುತ್ತಿದ್ದರು.

"ಹಳೇ ಪಿಕ್ಚರ್‌ನ ಎಷ್ಟ್ ಸಲ ರಿಲೀಸ್ ಮಾಡ್ತೀಯೋ?" ಎಂದ ಬರ್ಲ್ ಮಾವ, ಜೋಳದ ಬ್ರೆಡ್ಡು ಮುರಿಯುತ್ತಾ. "ಹೊಸದೇನಾದ್ರೂ ತೋರ್ಸು."

"ಮಾವ, ತಮಾಷೆ ಅಲ್ಲ. ದೇವ್ರಾಣೆ."

"ಹೋದ್ ಸಲಾನೂ ದೇವ್ರಾಣೆ ಅಂದಿದ್ದೆ."

"ನೊರೆ ಎಲ್ಲೋ? ನೊರೆ ಬರ್ಲಿ!" ಎಂದರು ಯಾರೋ.

"ಈ ಸಲ ಸಾಯೋವಾಗ ನನ್ ಕಡೆ ತಿರುಗಿ ಸಾಯಪ್ಪ" ಎಂದಳು ಓಸಿ ಅಜ್ಜಿ, ಫೋರ್ಕು ಹಿಡಿದುಕೊಂಡೇ. "ಹೋದ್ ಸಲ ಕಂಬ ಅಡ್ಡ ಬಂದು ಏನೂ ಕಾಣ್ಲಿಲ್ಲ."

ಡಾಲ್ಟನ್ ಗಂಟಲು ನಡುಗಿತು. ಆ ನಡುಕ ಎಷ್ಟು ಚೆನ್ನಾಗಿ ಬಂತೆಂದರೆ ಇಬ್ಬರು ಶಿಳ್ಳೆ ಹಾಕಿದರು. ಅವನ ಕಣ್ಣಲ್ಲಿ ನೀರು ಬಂತು. "ಅಯ್ಯೋ, ಕಣ್ಣೀರೂ ತರಿಸ್ಕೊಂಡ ನೋಡ್ರೇ!" ಎಂದು ಹೆಂಗಸರು ಒಬ್ಬರನ್ನೊಬ್ಬರು ತಿವಿದರು. ನಿಜ ಹೇಳಲು ಅವನ ಬಳಿ ಬೇರೆ ಮುಖವೇ ಇರಲಿಲ್ಲ. ಇದ್ದ ಮುಖಗಳನ್ನೆಲ್ಲ ತಮಾಷೆಗೆ ಖರ್ಚು ಮಾಡಿಬಿಟ್ಟಿದ್ದ.

ಅವನು ಬೆಂಚುಗಳ ನಡುವೆ ನುಗ್ಗಿ ಟ್ವೈಲಾಳ ಮುಂದೆ ನಿಂತ. ಮುಷ್ಟಿ ಬಿಚ್ಚಿದ. ಎಲೆ ಹಿಸುಕಿ ಮುದ್ದೆಯಾಗಿತ್ತು.

"ನೀನ್ ಹೇಳೇ. ಮೂಸು ಇದನ್ನ. ಮೂಸಿ ಹೇಳು ಅವ್ರಿಗೆ."

ಅವಳು ನಗುತ್ತಲೇ ಬಗ್ಗಿ ಮೂಸಿದಳು. ಒಂದಿಡೀ ದಿನ ರ್‍ಯಾಂಪಿನ ಚೀಲದಲ್ಲಿ ಬಿದ್ದಿದ್ದ ಎಲೆ, ಅದೂ ಅವನ ಕೈಯಲ್ಲಿ.

"ರ್‍ಯಾಂಪ್ ವಾಸ್ನೇನೇ ಬರ್ತಿದ್ಯಲ್ಲೋ!" ಎಂದಳು.

ನಗು ಇನ್ನೊಮ್ಮೆ ಎದ್ದಿತು. ಅದರ ನಡುವೆ, ಇನ್ನು ಸಾವಿನ ಸೀನು ಇಲ್ಲವೆಂದು ಬೇಸತ್ತ ಓಸಿ ಅಜ್ಜಿ ಫೋರ್ಕನ್ನು ಬಾಯಿಯ ಹತ್ತಿರ ತಂದಳು.

ಡಾಲ್ಟನ್ ಹಾರಿದ. ಅಜ್ಜಿಯ ಕೈಗೆ ಹೊಡೆದ. ಫೋರ್ಕು ಹಾರಿ ಗೋಡೆಗೆ ಬಡಿಯಿತು, ತಟ್ಟೆ ಅವಳ ನೀಲಿ ಲಂಗದ ಮೇಲೆ ಮಗುಚಿತು. ಅಷ್ಟಕ್ಕೇ ನಿಲ್ಲಲಿಲ್ಲ. ಬಡಿಸುವ ಮೇಜಿನ ಕೆಳಗೆ ಎರಡೂ ಕೈ ಹಾಕಿ ಎತ್ತಿದ. ಹುರಿದ ಸೊಪ್ಪು, ಆಲೂಗಡ್ಡೆ, ಕೊಬ್ಬು ಎಲ್ಲ ಸಿಮೆಂಟ್ ನೆಲದ ಮೇಲೆ ಜಾರಿಕೊಂಡು ಲಾರಿಯ ಚಕ್ರದವರೆಗೂ ಹೋಯಿತು.

ಈಗ ಯಾರೂ ನಗಲಿಲ್ಲ. ಅಜ್ಜಿ ತನ್ನ ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಮಗುವಿನ ಹಾಗೆ ಅವನನ್ನು ನೋಡುತ್ತಿದ್ದಳು.

ಬರ್ಲ್ ಮಾವ ಎದ್ದ. ಕೂಗಲಿಲ್ಲ.

"ಹೊರಗ್ ಹೋಗು" ಎಂದ.

*

ಹೊರಗೆ ಹಾಲಿನ ಗೋಡೆಗೆ ಒರಗಿ ಅವನು ನಿಂತಿದ್ದಾಗ ಟ್ವೈಲಾ ಬಂದಳು. ಒಳಗೆ ನೆಲ ಗುಡಿಸುವ ಸದ್ದು ಕೇಳುತ್ತಿತ್ತು.

"ಒಬ್ನೇ ಹೋಗಿದ್ಯಾ ಕೊಯ್ಯೋಕೆ?"

"ಹೂಂ."

"ಮೂಸಿದ್ದು ಯಾರು?"

"ನಾನೇ."

"ಕೊಯ್ದಿದ್ದೂ ನೀನೇ, ಮೂಸಿದ್ದೂ ನೀನೇ." ಅವಳು ತಲೆ ಕೊಡವಿದಳು. "ಏನ್ ಬುದ್ಧಿವಂತನಪ್ಪಾ ನೀನು."

"ನೀನಾದ್ರೂ ನಂಬ್ತೀಯಾ?"

ಅವಳು ಅವನ ಮುಖವನ್ನು ತುಂಬ ಹೊತ್ತು ನೋಡಿದಳು. ಪರಿಚಯದ ಮನೆಯಲ್ಲಿ ದೀಪದ ಸ್ವಿಚ್ಚು ಹುಡುಕುವವರ ಹಾಗೆ.

"ಗೊತ್ತಾಗ್ತಿಲ್ಲ ಕಣೋ" ಎಂದಳು ಕೊನೆಗೆ. "ನಿನ್ ಮುಖ ನೋಡಿ ನಂಬೋದು ಬಿಟ್ಟು ಎಷ್ಟೋ ವರ್ಷ ಆಯ್ತು. ವಾಸ್ನೆ ನೋಡಿ ನಂಬೋಣ ಅಂದ್ರೆ ಅದೂ ಕೈ ಕೊಡ್ತು. ಅಜ್ಜಿ ಕೈ ಊದ್ಕೊಂಡಿದೆ, ಗೊತ್ತಾ?"

ಗ್ಯಾರೆಟ್ ಬಾಗಿಲಲ್ಲಿ ನಿಂತು ಅವಳ ಕೋಟು ಹಿಡಿದುಕೊಂಡಿದ್ದ. ಅವಳು ಹೋದಳು.

ಸಂಜೆಯವರೆಗೂ ಯಾರಾದರೂ ಬಂದು ಬೈಯಬಹುದೆಂದು ಅವನು ಮನೆಯ ಮೆಟ್ಟಿಲ ಮೇಲೆ ಕೂತಿದ್ದ. ಯಾರೂ ಬರಲಿಲ್ಲ. ಬೈದಿದ್ದರೆ ಒಂದು ಡೈಲಾಗು ಹೊಡೆಯಬಹುದಿತ್ತು.

*

ಭಾನುವಾರ ಬೆಳಗ್ಗೆ, ಮಂಜು ಇನ್ನೂ ಕಣಿವೆಯಲ್ಲಿ ಹಾಲಿನ ಕೆನೆಯ ಹಾಗೆ ಕಟ್ಟಿಕೊಂಡಿರುವಾಗ, ಡಾಲ್ಟನ್ ಬೆಟ್ಟ ಹತ್ತಿದ. ತಾನು ಕೊಯ್ದದ್ದು ಏನೆಂದು ಕಣ್ಣಾರೆ ನೋಡಬೇಕಿತ್ತು. ನಿಜವಾಗಿದ್ದರೆ ಊರಿಗೆ ವಿಷ ಬಡಿಸಲು ಹೊರಟವನು. ಸುಳ್ಳಾಗಿದ್ದರೆ ಮುದುಕಿಯ ಕೈಗೆ ಹೊಡೆದವನು. ಎರಡರಲ್ಲಿ ಯಾವುದಾದರೆ ಒಳ್ಳೆಯದೆಂದು ದಾರಿಯುದ್ದಕ್ಕೂ ಅವನಿಗೆ ತೀರ್ಮಾನವಾಗಲಿಲ್ಲ.

ಜೌಗಿನ ಅಂಚಿನಲ್ಲಿ ಟ್ವೈಲಾ ಕೂತಿದ್ದಳು.

ಚರ್ಚಿನ ಬಟ್ಟೆ, ಅದರ ಕೆಳಗೆ ಗ್ಯಾರೆಟ್‌ನ ದೊಡ್ಡ ರಬ್ಬರ್ ಬೂಟು. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು, ಮೂಸುವವರು ಕೂರುವ ಹಾಗೆ.

"ಬಾ, ನೋಡು" ಎಂದಳು, ತಿರುಗದೆ.

ಹೆಲ್ಲೆಬೋರಿನ ಗುಂಪು ನೀರಿನ ಪಕ್ಕದಲ್ಲಿ ಮೊಣಕಾಲೆತ್ತರ ನಿಂತಿತ್ತು. ಅದರ ಹೊರಬದಿಯ ನಾಲ್ಕೈದು ಎಳೆ ಚಿಗುರುಗಳು ಬುಡದಲ್ಲಿ ಓರೆಯಾಗಿ, ನೀಟಾಗಿ ಕತ್ತರಿಸಿಹೋಗಿದ್ದವು. ಜಿಂಕೆ ತಿಂದರೆ ಹರಿದ ಹಾಗಿರುತ್ತದೆ. ಜಿಂಕೆ ಇದನ್ನು ಮುಟ್ಟುವುದೂ ಇಲ್ಲ. ಚಾಕುವಿನ ಕೆಲಸ, ಎಡಗೈಯವನ ಓರೆ. ಕಣಿವೆಯಲ್ಲಿ ಎಡಗೈಯಲ್ಲಿ ಕೊಯ್ಯುವವನು ಅವನೊಬ್ಬನೇ.

ಅವನು ಒದ್ದೆ ನೆಲದ ಮೇಲೆ ಕೂತ.

"ಅಜ್ಜಿ ಸತ್ತೋಗ್ತಿದ್ಲು" ಎಂದ.

"ಹೂಂ."

"ನೀನೂ ತಿಂತಿದ್ದೆ."

"ನಾನು ಯಾವಾಗ್ಲೂ ಎರಡ್ ಸಲ ಹಾಕಿಸ್ಕೋತೀನಲ್ಲ." ಅವಳು ನಗಲು ನೋಡಿದಳು, ಆಗಲಿಲ್ಲ. "ರಾತ್ರಿಯೆಲ್ಲ ನಿದ್ದೆ ಬರ್ಲಿಲ್ಲ ಕಣೋ. ಮೂಸ್ದೆ, ಆದ್ರೆ ನೋಡ್ಲಿಲ್ಲ. ಬಿಡಿಸಿ ನೋಡ್ಬೇಕಿತ್ತು. ನಿನ್ ಕೈಲಿದ್ದಿದ್ದಕ್ಕೆ ನೋಡ್ಲಿಲ್ಲ."

ನೀರು ಎಲೆಗಳ ಕೆಳಗೆ ಗುಳುಗುಳು ಅನ್ನುತ್ತಿತ್ತು.

"ಪೂಜೆಗ್ ಮುಂಚೆ ಬರ್ಲ್ ಮಾವನ್ ಮನೆಗ್ ಹೋಗ್ತೀನಿ. ಆಮೇಲೆ ಅಜ್ಜಿ ಮನೆಗೆ. ನೋಡ್ದೆ ಅಂತ ಹೇಳ್ತೀನಿ" ಎಂದಳು.

"ನಂಬ್ತಾರಾ?"

"ನನ್ನ ನಂಬ್ತಾರೆ."

"ನಾನೂ ಬರ್ಲಾ?"

"ಬೇಡ" ಎಂದಳು ಮೆಲ್ಲಗೆ. "ನೀನಿದ್ರೆ ಇಬ್ರೂ ಸೇರಿ ನಾಟ್ಕ ಆಡ್ತಿದ್ದೀವಿ ಅಂತಾರೆ."

ಕೆಳಗೆ ರಸ್ತೆಯಲ್ಲಿ ಗ್ಯಾರೆಟ್ ಒಮ್ಮೆ ಹಾರ್ನ್ ಮಾಡಿದ. ಒತ್ತಾಯವಿಲ್ಲದ, ಸಣ್ಣ ಹಾರ್ನ್. ಅವಳು ಎದ್ದು ಲಂಗ ಕೊಡವಿಕೊಂಡಳು.

"ಈ ಹಾಳಾದ್ದನ್ನ ಕಿತ್ತಾಕ್ಬಿಡು" ಎಂದಳು ಹೆಲ್ಲೆಬೋರ್ ತೋರಿಸಿ.

"ಅದೇನ್ ಮಾಡ್ತು ಪಾಪ. ಅದರ ಜಾಗದಲ್ಲಿ ಅದಿದೆ. ನಾನೇ ಇಲ್ಲಿಗ್ ಬಂದಿದ್ದು."

"ಮುಂದಿನ್ ವರ್ಷ ಒಬ್ನೇ ಬರ್ಬೇಡ ಡಾಲ್ಟನ್. ಯಾರನ್ನಾದ್ರೂ ನೋಡ್ಕೋ."

ಸೊಪ್ಪಿನ ಮಾತೋ ಬೇರೆ ಮಾತೋ ಎಂದು ಅವನು ಕೇಳಲಿಲ್ಲ. "ನೋಡ್ಕೋತೀನಿ" ಎಂದ. ಅವಳು ಟ್ರಿಲಿಯಂಗಳನ್ನು ತುಳಿಯದೆ, ದೊಡ್ಡ ಬೂಟುಗಳನ್ನು ಎತ್ತೆತ್ತಿ ಇಡುತ್ತಾ ಇಳಿದುಹೋದಳು. ಗಾಡಿಯ ಬಾಗಿಲು ಮುಚ್ಚಿದ ಸದ್ದು, ಇಂಜಿನ್ನಿನ ಸದ್ದು, ತಿರುವಿನಲ್ಲಿ ಅದೂ ಇಲ್ಲ.

ಅವನು ಅಲ್ಲೇ ಉಳಿದ. ಈಗ ಅವಳು ಮಾವನ ಬಾಗಿಲು ಬಡಿಯುತ್ತಿರಬಹುದು. ಈಗ ಹೇಳುತ್ತಿರಬಹುದು. ಈಗ ಮಾವ ಕುರ್ಚಿಗೆ ಕುಸಿದು, ತಲೆಯ ಮೇಲೆ ಕೈಯಿಟ್ಟು, ನಂಬುತ್ತಿರಬಹುದು. ಊರೆಲ್ಲ ಒಬ್ಬರಿಂದ ಒಬ್ಬರಿಗೆ ನಂಬುತ್ತಾ ಹೋಗುತ್ತದೆ, ಅವನಿಲ್ಲದೆ. ಬಿಸಿಲು ಬೋಳು ಕೊಂಬೆಗಳ ನಡುವೆ ಇಳಿಯಿತು. ಮುಚ್ಚಿಕೊಂಡಿದ್ದ ಸಣ್ಣ ಸಣ್ಣ ಹೂಗಳು ಒಂದೊಂದಾಗಿ ಬಾಯಿ ಬಿಟ್ಟವು. ಮೊನ್ನೆಯ ಮಳೆಗೆ ನೆತ್ತರುಬೇರಿನ ಎಸಳುಗಳೆಲ್ಲ ಉದುರಿದ್ದವು. ಮೇಲೆ, ತುದಿಗಳಲ್ಲಿ, ಹಸಿರು ಹೊಗೆಯಂತೆ ಚಿಗುರು ಕಾಣಿಸಿತ್ತು. ಇನ್ನೊಂದು ವಾರಕ್ಕೆ ನೆರಳು.

ಪೊದೆ ಸರಸರ ಎಂದಿತು. ಒಂದು ಹೆಣ್ಣು ಕಾಡು ಟರ್ಕಿಕೋಳಿ, ದೊಡ್ಡದು, ಕಂಚಿನ ಬಣ್ಣದ್ದು, ಎಲೆಗಳನ್ನು ಕೆದರುತ್ತಾ, ಏನನ್ನೋ ಹೆಕ್ಕುತ್ತಾ, ಅವನ ಕಾಲಿನ ಹತ್ತಿರದವರೆಗೂ ಬಂದು ನಿಂತು, ಒಂದು ಕಣ್ಣಿನಿಂದ ಅವನನ್ನು ನೋಡಿತು. ಇಬ್ಬರಿದ್ದಿದ್ದರೆ ಅದು ಇಷ್ಟು ಹತ್ತಿರ ಬರುತ್ತಿರಲಿಲ್ಲ. ಡಾಲ್ಟನ್ ಉಸಿರು ಕೂಡ ಹಿಡಿದುಕೊಂಡು, ಅದು ತಾನಾಗಿಯೇ ಹೋಗುವವರೆಗೂ ಹಾಗೇ ಕೂತಿದ್ದ.